ಹೂಂ ಅಂದ್ರೆ ಮಾತ್ರ ಕಥೆ

ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಮುಚ್ಚಿ, ಇಯರ್‌ಫೋನ್ ಸಿಗಿಸಿಕೊಂಡು ಗೋವಿನ ಹಾಡು ಕೇಳ್ತಾ ಮಲಗೋದು ನನ್ನ ರೂಢಿ. ವಯಸ್ಸು ಮೂವತ್ತೆರಡು. ರೂಮ್‌ಮೇಟ್ ನಗ್ತಾನೆ, ನಗಲಿ. ಪುಣ್ಯಕೋಟಿ ಕರುವಿಗೆ ಬುದ್ಧಿ ಹೇಳೋ ಹೊತ್ತಿಗೆ ನನಗೆ ನಿದ್ದೆ. ಹುಲಿ ಪ್ರಾಣ ಬಿಡೋದನ್ನ ಈ ವರ್ಷ ಒಮ್ಮೆಯೂ ಕೇಳಿಲ್ಲ.

ಅದಕ್ಕೆ 'ಮಕ್ಕಳ ಹಾಡು' ಅನ್ನೋ ಹಣೆಪಟ್ಟಿ ಅಂಟಿದ್ದು ಶಾಲೆಯ ಪಠ್ಯಪುಸ್ತಕದಿಂದ. ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆ ರಾತ್ರಿಯ ಕಥೆಗೆ ವಯಸ್ಸಿನ ಲೆಕ್ಕ ಇರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಕೌದಿ ಹಾಸಿದರೆ ಒಂದು ತುದಿಗೆ ಮೊಮ್ಮಕ್ಕಳು, ಇನ್ನೊಂದು ತುದಿಗೆ ಹೊಲದಿಂದ ದಣಿದು ಬಂದವರು. ಕಥೆ ಒಂದೇ.

ಪಕ್ಕದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರನ್ನೇ ನೋಡಿ. ಬುಡ್ಗ ಜಂಗಮ ಅಲೆಮಾರಿ ಸಮುದಾಯದ ಬುರ್ರಕಥೆ ಕಲಾವಿದೆ. ಅಕ್ಷರ ಕಲಿತವರಲ್ಲ. ಹನ್ನೆರಡು ಕಾವ್ಯ, ಎಲ್ಲವೂ ನೆನಪಿನಲ್ಲೇ. 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಅವರು ಹಾಡುತ್ತಿದ್ದ ಕಥೆಗಳಲ್ಲಿ ಕುಮಾರರಾಮನದೂ ಒಂದು. 1327ರಲ್ಲಿ ಮಹಮದ್ ಬಿನ್ ತುಘಲಕ್‌ನ ಸೈನ್ಯಕ್ಕೆ ಬಿದ್ದುಹೋದ ಕಂಪ್ಲಿ ರಾಜ್ಯದ ರಾಜಕುಮಾರ ಅವನು. ಮಲತಾಯಿಯ ಸುಳ್ಳು ಅಪವಾದ, ಕಡಿದ ತಲೆ, ಸುಲ್ತಾನನ ಮುತ್ತಿಗೆ... ನಮ್ಮ ಮಾಳಿಗೆ ಮೇಲೂ ಈ ಕಥೆ ನಡೀತಿತ್ತು, ಮಕ್ಕಳು ಹಾಯಾಗಿ ನಿದ್ದೆ ಹೋಗ್ತಿದ್ದೆವು! ನಿದ್ದೆ ತರಿಸೋದು ಕಥೆಯ ಮೆದುತನ ಅಲ್ಲವೇ ಅಲ್ಲ ಅಂತ ನನಗನಿಸೋದು ಇದಕ್ಕೇ. ಮತ್ತೆ ಮತ್ತೆ ಬರೋ ಅದೇ ಮಾತು, ಅದೇ ಎಳೆತ, ಗೊತ್ತಿರೋ ದನಿ, ಅಷ್ಟೇ.

ಮತ್ತೆ 'ಹೂಂ'. ಕೊಟ್ಟೂರಿನ ನಮ್ಮಜ್ಜಿ ಎರಡು ಮಾತಿಗೊಮ್ಮೆ ನಿಲ್ಲಿಸ್ತಿದ್ದಳು: "ಹೂಂ ಅನ್ನಲೇ, ಇಲ್ಲಂದ್ರ ಕಥಿ ಬಿಡ್ತೀನಿ." ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಈಗ ಆ್ಯಪ್‌ಗಳಲ್ಲಿ ಅದಕ್ಕೆ ಸ್ಲೀಪ್ ಟೈಮರ್ ಇದೆ, ನಾವೇ ಹದಿನೈದೋ ಮೂವತ್ತೋ ನಿಮಿಷ ಒತ್ತಬೇಕು.

ಅಜ್ಜಿಯ ದನಿ ನನ್ನ ಹತ್ತಿರ ಒಂದು ನಿಮಿಷವೂ ಇಲ್ಲ. ಆಕೆ ಹೋದಾಗ ನನ್ನ ಜೇಬಲ್ಲಿ ಸ್ಮಾರ್ಟ್‌ಫೋನ್ ಇತ್ತು ಅನ್ನೋದೇ ಹೊಟ್ಟೆ ಉರಿಸೋ ವಿಷಯ. ಆ ಕಥೆಗಳಲ್ಲಿ ಅರ್ಧ ಹರಪನಹಳ್ಳಿಯ ದೊಡ್ಡವ್ವನಿಗೆ ಬರುತ್ತೆ. ಕಳೆದ ದೀಪಾವಳಿಗೆ ಹೋದವನು ದಿಂಬಿನ ಪಕ್ಕ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಬೆಂಗಳೂರಿಗೆ ಬಂದು ಕೇಳಿದರೆ, ಹದಿನೇಳನೇ ನಿಮಿಷಕ್ಕೆ ನನ್ನ ಹೂಂ ನಿಂತಿದೆ. ದೊಡ್ಡವ್ವ ಸ್ವಲ್ಪ ಹೊತ್ತು ಕಾದು, ಯಾರಿಗೋ ಮೆಲ್ಲಗೆ ಹೇಳ್ತಿದ್ದಾಳೆ: "ಮಲಗ್ತು ನೋಡು ಕೂಸು."