ಕೈಮಾತಿಗೆ ಕಣ್ಣಾದ ವೈದ್ಯರು

ಕಿವುಡರ ಮನಸ್ಸಿಗೂ ರೋಗ ತಗುಲಬಹುದು, ತಗುಲಿದಾಗ ಅವರ ಭಾಷೆಯಲ್ಲಿಯೇ ಅವರನ್ನು ವಿಚಾರಿಸಬೇಕು ಎಂಬ ವಿವೇಕವು ವೈದ್ಯಲೋಕದಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದ ಅರ್ಧಭಾಗವು ಕಳೆದ ಮೇಲೆ. 1880ರಲ್ಲಿ ಮಿಲಾನ್ ನಗರದಲ್ಲಿ ನೆರೆದ ಕಿವುಡರ ಶಿಕ್ಷಕರ ಸಮ್ಮೇಳನವು ಬಾಯಿಮಾತೇ ಶ್ರೇಷ್ಠವೆಂದು ನಿರ್ಣಯಿಸಿ ಸಂಜ್ಞಾಭಾಷೆಯನ್ನು ಪಾಠಶಾಲೆಯಿಂದ ಹೊರಗಿಟ್ಟಿತಷ್ಟೆ. ಆ ಅನಾದರವು ಹುಚ್ಚಾಸ್ಪತ್ರೆಗಳಲ್ಲಿಯೂ ನೆಲಸಿತ್ತು. ಆವೇಗದಿಂದ ಕೈಯಾಡಿಸಿದವನನ್ನು ಉನ್ಮತ್ತನೆಂದೂ, ಪ್ರಶ್ನೆಗೆ ಉತ್ತರವೀಯದವನನ್ನು ಮಂದಮತಿಯೆಂದೂ, ಹುಟ್ಟುಕಿವುಡನು ತಡವರಿಸಿ ಬರೆದ ಇಂಗ್ಲಿಷನ್ನು ಚಿತ್ತವಿಭ್ರಮದ ಲಕ್ಷಣವೆಂದೂ ಭಾವಿಸುವುದು ಅಲ್ಲಿ ಸುಲಭವಾಗಿತ್ತು. ರಂಪ ಮಾಡುವನೆಂದು ಅಂಥವನ ಕೈಗಳನ್ನು ಬಿಗಿದವರು ಅವನ ಮಾತನ್ನೇ ಬಿಗಿದಿದ್ದರು.

1955ರಲ್ಲಿ ನ್ಯೂಯಾರ್ಕ್ ರಾಜ್ಯದ ಮನೋವೈದ್ಯ ಸಂಸ್ಥೆಯಲ್ಲಿ, ಆನುವಂಶಿಕತೆಯ ಸಂಶೋಧಕನಾದ ಫ್ರಾಂಜ್ ಕಾಲ್ಮನ್ನನ ನೇತೃತ್ವದಲ್ಲಿ, ಕಿವುಡರಿಗೆಂದೇ ಒಂದು ಯೋಜನೆ ಆರಂಭವಾಯಿತು. ಅವನೊಡನೆ ದುಡಿದ ಜಾನ್ ರೈನರ್ ಮತ್ತು ಕೆನೆತ್ ಆಲ್ಟ್‌ಶುಲರ್ ಕಂಡುಕೊಂಡ ಸಂಗತಿಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರುವುದು ಇದು: ಸ್ಕಿಜೋಫ್ರೇನಿಯವು ಕೇಳಬಲ್ಲವರಿಗಿಂತ ಕಿವುಡರಲ್ಲಿ ವಿಶೇಷವಾಗಿ ಹೆಚ್ಚಿರಲಿಲ್ಲ, ಆದರೆ ಆಸ್ಪತ್ರೆಯನ್ನು ಹೊಕ್ಕ ಕಿವುಡನು ಅಲ್ಲಿಂದ ಹೊರಬರಲು ಬಹು ದೀರ್ಘಕಾಲ ಹಿಡಿಯುತ್ತಿತ್ತು. 1963ರಲ್ಲಿ ರಾಕ್‌ಲ್ಯಾಂಡ್ ರಾಜ್ಯ ಆಸ್ಪತ್ರೆಯಲ್ಲಿ ಕಿವುಡ ರೋಗಿಗಳಿಗೆ ಪ್ರತ್ಯೇಕ ವಾರ್ಡು ತೆರೆಯಿತು. ಅಲ್ಲಿ ಸಂಜ್ಞೆಗಳನ್ನು ಕಲಿಯುವ ಹೊಣೆ ಸಿಬ್ಬಂದಿಯದಾಯಿತು. ಇಂಥ ಕಡೆ ಗುಂಪುಚಿಕಿತ್ಸೆಗೆ ಕುಳಿತುಕೊಳ್ಳುವ ಕ್ರಮವೂ ಬೇರೆಯೇ: ಪ್ರತಿಯೊಬ್ಬರ ಕೈಯೂ ಮುಖವೂ ಉಳಿದೆಲ್ಲರಿಗೂ ಕಾಣುವಂತೆ ಕುರ್ಚಿಗಳನ್ನು ವರ್ತುಲವಾಗಿ ಹಾಕಬೇಕು, ಬೆಳಕು ಯಾರ ಕಣ್ಣಿಗೂ ಹೊಡೆಯಬಾರದು, ಒಬ್ಬರ ಕೈ ನಿಲ್ಲುವವರೆಗೆ ಇನ್ನೊಬ್ಬರು ತಾಳಬೇಕು. ಅದೇ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನ ವಿಟಿಂಗ್‌ಹ್ಯಾಮ್ ಆಸ್ಪತ್ರೆಯಲ್ಲಿ ಜಾನ್ ಡೆನ್ಮಾರ್ಕ್ ಎಂಬ ವೈದ್ಯನು ಅಂಥದೇ ವಿಭಾಗವನ್ನು ಕಟ್ಟಿದನು.

ಈ ಉಪಕಾರವು ಮುಟ್ಟದೆ ಹೋದವರಲ್ಲಿ ಜೂನಿಯಸ್ ವಿಲ್ಸನ್ ಒಬ್ಬನು. ಉತ್ತರ ಕೆರೊಲೈನಾದ ಈ ಕಪ್ಪುಜನಾಂಗದ ಕಿವುಡ ತರುಣನನ್ನು 1925ರಲ್ಲಿ, ಎಂದಿಗೂ ರುಜುವಾತಾಗದ ಒಂದು ಆರೋಪದ ಮೇಲೆ, ಹುಚ್ಚನೆಂದು ಸಾರಿ ಗೋಲ್ಡ್ಸ್‌ಬರೋ ಆಸ್ಪತ್ರೆಗೆ ನೂಕಿದರು. ಅಲ್ಲಿ ಅವನ ವೃಷಣಗಳನ್ನು ಛೇದಿಸಿದರು. ಎಪ್ಪತ್ತರ ದಶಕದಲ್ಲಿ ಆರೋಪವನ್ನು ಕೈಬಿಟ್ಟ ಮೇಲೂ ಅವನನ್ನು ಅಲ್ಲಿಯೇ ಇರಿಸಿಕೊಂಡರೆಂಬುದು ಕ್ಷಮೆಗೆ ಅರ್ಹವಲ್ಲ. ಕಡೆಗೆ ಕೈಮಾತು ಬಲ್ಲವರು ಅವನ ಬಳಿಗೆ ಬಂದಾಗಲೂ ಅವನ ಮಾತು ಅವರಿಗೆ ಸುಲಭವಾಗಿ ತಿಳಿಯಲಿಲ್ಲ. ಅವನು ಕಲಿತದ್ದು ರ್‍ಯಾಲಿಯ ಕಪ್ಪುಮಕ್ಕಳ ಕಿವುಡರ ಶಾಲೆಯ ಸಂಜ್ಞೆಗಳನ್ನು, ಬಿಳಿಯರ ಶಾಲೆಗಳಲ್ಲಿ ಬೆಳೆದ ಸಂಜ್ಞೆಗಳನ್ನಲ್ಲ. 1994ರಲ್ಲಿ ಆಸ್ಪತ್ರೆಯ ಆವರಣದಲ್ಲಿಯೇ ಅವನಿಗೊಂದು ಮನೆಯನ್ನು ಕೊಟ್ಟರು. 2001ರಲ್ಲಿ ಸಾಯುವವರೆಗೆ ಅವನು ಆ ಆವರಣದಲ್ಲಿಯೇ ಇದ್ದನು.