ಧಾರವಾಡದ ಅರ್ಜಿ ಮತ್ತು ನಮ್ಮ ಗ್ರಂಥಪಟ್ಟಿ

ನಮ್ಮ ಜನ ಶಾಲೆಯ ಹೊಸ್ತಿಲು ದಾಟಿದ ಚರಿತ್ರೆ ಬರೆಯಬೇಕಾದರೆ ಮೊದಲು ಗ್ರಂಥಪಟ್ಟಿ ಬೇಕು. ಬರೀ ಹೆಸರು, ವರ್ಷ ಗೀಚಿದರೆ ಅದು ಅಂಗಡಿ ಲೆಕ್ಕ ಅಷ್ಟೆ. ಯಾರು ಬರೆದರು, ಯಾರಿಗಾಗಿ, ಎಲ್ಲಿಂದ ಎತ್ತಿಕೊಂಡರು ಅಂತ ಒಂದೊಂದರ ಕೆಳಗೂ ಟಿಪ್ಪಣಿ ಹಾಕಬೇಕು.

1856ರ ಜೂನ್‌ನಲ್ಲಿ ಒಬ್ಬ ಮಹಾರ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ, ಫೀಜು ಕಟ್ತೀನಿ ಅಂದ. ಜುಲೈನಲ್ಲಿ ಮುಂಬಯಿ ಸರ್ಕಾರ ನಿರ್ಣಯ ಹೊರಡಿಸಿ ಆಗದು ಅಂದಿತು. ಅವನೊಬ್ಬ ಒಳಗೆ ಬಂದರೆ ಮಿಕ್ಕವರು ಹೊರಗೆ ಹೋದಾರು ಅನ್ನುವ ಭಯ ಅದಕ್ಕೆ. 1928ರಲ್ಲಿ ಅಂಬೇಡ್ಕರ್ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಇದೇ ನಿರ್ಣಯವನ್ನು ಸರ್ಕಾರದ ಮುಂದೆಯೇ ಸಾಕ್ಷಿಯಾಗಿ ನಿಲ್ಲಿಸಿದರು. ಇಲ್ಲಿ ನಮ್ಮ ಟಿಪ್ಪಣಿ: ಕಾಗದ ಒಂದೇ, ಕೈ ಬೇರೆ. ಇವನ್ನು ಎರಡು ಸಾಕ್ಷಿ ಅಂತ ಎಣಿಸಕೂಡದು. ಹತ್ತು ಪುಸ್ತಕ ಒಂದೇ ಕಡತದಿಂದ ನಕಲು ಹೊಡೆದರೂ ಹತ್ತು ಸಲ ಸತ್ಯವಾಗುವುದಿಲ್ಲ.

1882ರಲ್ಲಿ ನೇಮಕವಾದ ಹಂಟರ್ ಆಯೋಗದ್ದು ಇನ್ನೊಂದು ಬಗೆ. ಜಾತಿಯ ಕಾರಣಕ್ಕೆ ಯಾರನ್ನೂ ಸರ್ಕಾರಿ ಶಾಲೆಯಿಂದ ತಡೆಯಬಾರದು ಅಂತ ಅದು ಬರೆಯಿತು. ಜೊತೆಗೇ, ಜಾರಿ ಮಾಡುವಾಗ ಹುಷಾರು ಅಂತಲೂ ಹೇಳಿ, ಪ್ರತ್ಯೇಕ ಶಾಲೆಗಳಿಗೂ ದಾರಿ ಬಿಟ್ಟಿತು. ಮೊದಲ ಮಾತನ್ನಷ್ಟೇ ಹೆಕ್ಕಿಕೊಂಡವರು ಬ್ರಿಟಿಷರು ನಮಗೆ ಬಾಗಿಲು ತೆರೆದರು ಅಂತ ಚರಿತ್ರೆ ಕಟ್ಟುತ್ತಾರೆ.

ಆದ್ದರಿಂದ ನಮ್ಮ ರೂಪುರೇಷೆ ಪುಸ್ತಕದ ಸಾಲಿನಲ್ಲಿ ನಡೆಯುವುದಿಲ್ಲ, ಪ್ರಶ್ನೆಯ ಸಾಲಿನಲ್ಲಿ ನಡೆಯುತ್ತದೆ. ಕೇಳಿದವರು ಯಾರು? ತಡೆದವರು ಯಾರು? ಆದೇಶ ಬಂದ ಮೇಲೆ ಮಗು ಕೂತದ್ದು ಒಳಗೋ, ಜಗಲಿಯಲ್ಲೋ? ಮೊದಲ ಅಧ್ಯಾಯ ಹುಡುಗನ ಅರ್ಜಿ. ಸರ್ಕಾರದ ಆದೇಶಕ್ಕೆ ಎರಡನೆಯ ಜಾಗ.