ರೇಂಜ್‌ಫೈಂಡರ್ ಲೆನ್ಸ್‌ಗಳು: ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಬಳಕೆ

ರೇಂಜ್‌ಫೈಂಡರ್ ಕ್ಯಾಮೆರಾಗಳಿಗೆಂದು ತಯಾರಾದ ಲೆನ್ಸ್‌ಗಳನ್ನು ಅಡಾಪ್ಟರ್ ಎಂಬ ಲೋಹದ ಬಳೆಯ ನೆರವಿನಿಂದ ಫುಲ್‌ಫ್ರೇಮ್ (36×24 ಮಿ.ಮೀ.) ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸುವ ಪದ್ಧತಿ. ಫೋಕಸ್, ಅಪರ್ಚರ್ ಎರಡನ್ನೂ ಕೈಯಲ್ಲೇ ತಿರುಗಿಸಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಬೆಳಕು ಮತ್ತು ಹವೆಗೆ ಈ ಲೆನ್ಸ್‌ಗಳು ಎಷ್ಟು ಒಗ್ಗುತ್ತವೆ ಎಂಬುದನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಅಂತರದ ಲೆಕ್ಕ

1954ರಲ್ಲಿ ಲೈಕಾ ಎಂ3 ಜೊತೆ ಬಂದ ಎಂ ಮೌಂಟ್‌ನಲ್ಲಿ (ಮೌಂಟ್ ಎಂದರೆ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) ಲೆನ್ಸಿನ ಬುಡದಿಂದ ಫಿಲ್ಮಿಗೆ 27.8 ಮಿ.ಮೀ. ಅಂತರ, ಅದಕ್ಕೂ ಹಿಂದಿನ ಎಂ39 ತಿರುಪು ಮೌಂಟ್‌ನಲ್ಲಿ 28.8. ನಿಕಾನ್ ಎಫ್ ಎಸ್‌ಎಲ್‌ಆರ್‌ನಲ್ಲಿ ಕನ್ನಡಿಗೆ ಜಾಗ ಬೇಕಾದ್ದರಿಂದ ಇದು 46.5 ಮಿ.ಮೀ. ಹೀಗಾಗಿ ರೇಂಜ್‌ಫೈಂಡರ್ ಲೆನ್ಸನ್ನು ಅದಕ್ಕೆ ಹಾಕಿದರೆ ದೂರದ ಗುಡ್ಡ ಸ್ಫುಟವಾಗುವುದೇ ಇಲ್ಲ. ಸೋನಿ ಇ ಮೌಂಟ್‌ನಲ್ಲಿ ಅಂತರ 18, ನಿಕಾನ್ ಝಡ್‌ನಲ್ಲಿ 16 ಮಿ.ಮೀ. ಮಾತ್ರ. ಎಂ ಲೆನ್ಸಿಗೆ ಉಳಿಯುವ 9.8 ಅಥವಾ 11.8 ಮಿ.ಮೀ. ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. 2013ರಲ್ಲಿ ಸೋನಿ ಆಲ್ಫಾ 7 ಬಂದ ಮೇಲೆ ಈ ಬಳಕೆ ಹಬ್ಬಿತು.

ಅಂಚಿನ ಸಮಸ್ಯೆ

ವೈಡ್ ಲೆನ್ಸ್‌ಗಳಲ್ಲಿ ತೊಡಕು ಹೆಚ್ಚು. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಕನ್ನಡಿಯ ಅಡ್ಡಿಯಿಲ್ಲದ್ದರಿಂದ ಇವುಗಳ ಹಿಂಗಾಜನ್ನು ಫಿಲ್ಮಿಗೆ ಬಹಳ ಹತ್ತಿರ ಕೂರಿಸಲಾಗುತ್ತಿತ್ತು. ಬೆಳಕು ಚೌಕಟ್ಟಿನ ಮೂಲೆಗೆ ತೀರಾ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಓರೆಯಾದರೂ ನಡೆಯುತ್ತಿತ್ತು. ಸೆನ್ಸರ್ ಮೇಲೆ ಮಾತ್ರ ಗಾಜಿನ ಪದರವಿದೆ. ಸೋನಿಯಲ್ಲಿ ಇದು ಸರಿಸುಮಾರು 2 ಮಿ.ಮೀ., ಲೈಕಾದ ಡಿಜಿಟಲ್ ಎಂ ಕ್ಯಾಮೆರಾಗಳಲ್ಲಿ ಒಂದು ಮಿ.ಮೀ.ಗೂ ಕಡಿಮೆ. ದಪ್ಪ ಗಾಜಿನಲ್ಲಿ ಓರೆ ಕಿರಣ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಮೂಲೆಯ ಎಲೆ, ಕೊಂಬೆಗಳು ಒರೆಸಿದಂತೆ ಕಾಣುತ್ತವೆ. ಅಂಚಿನಲ್ಲಿ ನೇರಳೆ ಛಾಯೆಯೂ ಮೂಡಬಹುದು. 2015ರ ಆಲ್ಫಾ 7ಆರ್ 2ರ ಹಿಂಬದಿ-ಬೆಳಕಿನ ಸೆನ್ಸರ್ ಈ ಛಾಯೆಯನ್ನು ಬಹುಮಟ್ಟಿಗೆ ತಗ್ಗಿಸಿತು. ಗಾಜಿನ ದಪ್ಪದಿಂದಾಗುವ ಮಸುಕು ಉಳಿಯಿತು.

ಬೇಡ್ತಿ ನದಿಯ ಮಾಗೋಡು ಜಲಪಾತವನ್ನು 21 ಮಿ.ಮೀ. ಲೆನ್ಸ್‌ನಲ್ಲಿ ಹಿಡಿಯುವವರು ಎಫ್/8, ಎಫ್/11ಕ್ಕೆ ಇಳಿಸಿದರೆ ಅಂಚಿನ ಕಾಡು ಒಂದಿಷ್ಟು ಸುಧಾರಿಸುತ್ತದೆ. ಸಾಮಾನ್ಯವಾಗಿ 50 ಮಿ.ಮೀ. ಮತ್ತು ಅದಕ್ಕಿಂತ ಉದ್ದದ ಲೆನ್ಸ್‌ಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಡದು.

ಸೀಮೆಯ ಬಳಕೆ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯಿಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷ. ನವಿಲುಗರಿ ಕಟ್ಟಿಕೊಂಡ ವೇಷಧಾರಿ ತಮಟೆಯ ಸದ್ದಿಗೆ ರಾತ್ರಿಯ ಬೀದಿಯಲ್ಲಿ ಕುಣಿಯುತ್ತಾನೆ. ಇಂಥಲ್ಲಿ ಎಫ್/1.5 ಅಥವಾ ಎಫ್/2ರ ಪುಟ್ಟ 50 ಮಿ.ಮೀ. ಲೆನ್ಸ್ ತುಂಬ ಅನುಕೂಲ. ಆದರೆ ಓಡುವ ವೇಷಕ್ಕೆ ಫೋಕಸ್ ಹಿಡಿಯುವುದು ಸುಲಭವಲ್ಲ. ದೂರವನ್ನು ಮೊದಲೇ ಅಂದಾಜಿಸಿ ಕಾಯುವುದು ಒಳ್ಳೆಯದು.

ಅಡಿಕೆ ಸುಲಿಯುವ ಕೈಯನ್ನು, ಮೆಟ್ಟುಗತ್ತಿಯನ್ನು ಹತ್ತಿರದಿಂದ ತೆಗೆಯಲು ಹೋದರೆ ಇನ್ನೊಂದು ಮಿತಿ ಎದುರಾಗುತ್ತದೆ: ಈ ಲೆನ್ಸ್‌ಗಳಲ್ಲಿ ಹೆಚ್ಚಿನವು 0.7ರಿಂದ 1 ಮೀಟರಿಗಿಂತ ಹತ್ತಿರ ಫೋಕಸ್ ಆಗವು. ಮುಂದಕ್ಕೆ ಚಾಚುವ ಹೆಲಿಕಾಯ್ಡ್ ಅಡಾಪ್ಟರ್ ಇದನ್ನು ನಿವಾರಿಸುತ್ತದೆ. ಇನ್ನು ದೂರದ ಮಂಗಟ್ಟೆ, ಸಿಂಗಳೀಕಗಳಿಗೆ ಈ ಲೆನ್ಸ್‌ಗಳು ಸಾಲವು. ರೇಂಜ್‌ಫೈಂಡರ್ ಲೆನ್ಸ್‌ಗಳ ಸರಣಿ ಸಾಮಾನ್ಯವಾಗಿ 135 ಮಿ.ಮೀ.ಗೆ ಮುಗಿಯುತ್ತದೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯಲ್ಲಿ ಗಾಜಿನ ಮೇಲೆ ಫಂಗಸ್ ಬೆಳೆಯುವ ಅಪಾಯವಿದೆ. ಚರ್ಮದ ಚೀಲದಲ್ಲಿಟ್ಟು ಕಪಾಟು ಮುಚ್ಚುವುದು ಸಲ್ಲದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ಆಗಾಗ ಬಿಸಿಮಾಡಿ ಅದರ ತೇವ ತೆಗೆಯಬೇಕು. ಬೂಷ್ಟು ಒಮ್ಮೆ ಲೇಪನವನ್ನು ಕೊರೆದರೆ ಒರೆಸಿದ ಮೇಲೂ ಕಲೆ ಉಳಿಯುತ್ತದೆ. ಹಳೆಯ ಲೆನ್ಸ್ ಕೊಳ್ಳುವವರು ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಯಿಸಿ, ಒಳಗೆ ಜೇಡರಬಲೆಯಂಥ ಎಳೆಗಳಿವೆಯೇ ಎಂದು ನೋಡಬೇಕು.